ಲಿಸ್ಬನ್‌ನಲ್ಲಿ ತಿನ್ನುತ್ತಾ ನಡೆಯುವುದು ಹೇಗೆ?

ಪೋರ್ಚುಗಲ್‌ನ ರಾಜಧಾನಿ ಲಿಸ್ಬನ್‌ಗೆ ಹೋದವರು ಕೋಟೆ ನೋಡುತ್ತಾರೆ, ಹಳದಿ ಟ್ರಾಮ್ ಹತ್ತುತ್ತಾರೆ, ಒಂದು ಕಸ್ಟರ್ಡ್ ಟಾರ್ಟ್ ತಿಂದು ವಾಪಸಾಗುತ್ತಾರೆ. ಅಷ್ಟಕ್ಕೇ ಬಿಡಬೇಡಿ. ಒಂದು ಅರ್ಧ ದಿನ ಎತ್ತಿಟ್ಟು, ಊರು ಗೊತ್ತಿರುವ ಗೈಡ್ ಜೊತೆ ನಡೆಯುತ್ತಾ ತಿನ್ನಿ. ಯಾವ ತಿಂಡಿ ಯಾಕೆ ಹುಟ್ಟಿತು ಅಂತ ಅದು ಹುಟ್ಟಿದ ಬೀದಿಯಲ್ಲೇ ನಿಂತು ಕೇಳಿದರೆ, ಆ ರುಚಿ ಮರೆಯುವುದಿಲ್ಲ.

ಬುಕ್ ಮಾಡುವಾಗ ಮೊದಲು ಕೇಳಬೇಕಾದದ್ದು, ಗುಂಪಿನಲ್ಲಿ ಎಷ್ಟು ಜನ ಅಂತ. ಹತ್ತು ಹನ್ನೆರಡು ದಾಟಿದರೆ ಬೇಡ. ಹಳೆಯ ಅಂಗಡಿಗಳು ಇಕ್ಕಟ್ಟು, ಅರ್ಧ ಜನ ಹೊರಗೇ ನಿಲ್ಲಬೇಕಾಗುತ್ತದೆ. ಭಾನುವಾರವೂ ಬೇಡ, ಹಲವು ಅಂಗಡಿಗಳು ಮುಚ್ಚಿರುತ್ತವೆ. ಸಸ್ಯಾಹಾರಿಗಳು ಮೊದಲೇ ಹೇಳಿಬಿಡಿ. ‘ತರಕಾರಿ ಸೂಪ್’ ಅಂತ ಕೊಡುವ ಕಾಲ್ದು ವೆರ್ದ್‌ನಲ್ಲಿ ಆಲೂಗಡ್ಡೆ, ಎಲೆಕೋಸಿನ ಜಾತಿಯ ಹಸಿರು ಸೊಪ್ಪಿನ ಜೊತೆ ಹಂದಿಮಾಂಸದ ಸಾಸೇಜ್ ತುಂಡೂ ತೇಲುತ್ತಿರುತ್ತದೆ. ಹಾಗಂತ ಬೇಜಾರಾಗಬೇಡಿ. ಮೊಟ್ಟೆ ತಿನ್ನುವವರಾದರೆ ‘ಪೈಶಿಞುಶ್ ದ ಓರ್ತ’ ಕೇಳಿ. ಹೆಸರಿನ ಅರ್ಥ ‘ತೋಟದ ಪುಟ್ಟ ಮೀನುಗಳು’. ಆದರೆ ಇರುವುದು ಹಿಟ್ಟಿನಲ್ಲಿ ಅದ್ದಿ ಕರಿದ ಬೀನ್ಸ್, ಥೇಟ್ ನಮ್ಮ ಬಜ್ಜಿಯ ನೆಂಟ. ಜಪಾನಿನ ಟೆಂಪುರಾಗೆ ಇದೇ ಮೂಲ ಅನ್ನುತ್ತಾರೆ.

ಕಾಲಿಗೆ ಹಿಡಿತ ಇರುವ ಶೂ ಹಾಕಿಕೊಳ್ಳಿ. ಲಿಸ್ಬನ್‌ನ ಕಾಲುದಾರಿಗಳ ಬಿಳಿ ಕಲ್ಲು ಸವೆದು ನುಣ್ಣಗಾಗಿದೆ. ಮಳೆ ಬಂದರಂತೂ ಜಾರುಬಂಡೆ. ಬೆಳಗ್ಗೆ ತಿಂಡಿ ಕಡಿಮೆ ತಿನ್ನಿ.

ನಡಿಗೆಯನ್ನು ರೊಸ್ಸಿಯು ಚೌಕದ ಸುತ್ತಲಿಂದ ಶುರು ಮಾಡುವುದು ಒಳ್ಳೆಯದು. ಪಕ್ಕದ ಸಾವ್ ದೊಮಿಂಗುಶ್ ಚೌಕದಲ್ಲಿ 1840ರಿಂದ ನಡೆಯುತ್ತಿರುವ ಒಂದು ಗೂಡಂಗಡಿಯಷ್ಟೇ ಜಾಗದ ಬಾರ್ ಇದೆ. ಹೆಸರು ‘ಅ ಜಿಂಜಿಞ’. ಹುಳಿ ಚೆರ್ರಿಯನ್ನು ಮದ್ಯದಲ್ಲಿ ಸಕ್ಕರೆ, ಚಕ್ಕೆ ಹಾಕಿ ನೆನೆಸಿದ ಪಾನೀಯ, ಪುಟ್ಟ ಲೋಟದಲ್ಲಿ ಕೊಡುತ್ತಾರೆ. ‘ಹಣ್ಣು ಹಾಕಿಯೋ, ಹಾಕದೆಯೋ’ ಅಂತ ಕೇಳುತ್ತಾರೆ. ಹಾಕಿಸಿಕೊಳ್ಳಿ. ಎಲ್ಲರೂ ಬೀದಿಯಲ್ಲೇ ನಿಂತು ಕುಡಿಯುತ್ತಾರೆ, ಯಾರಿಗೂ ಅವಸರವಿಲ್ಲ.

ಲೋಟ ಇಟ್ಟ ಮೇಲೆ ಅದೇ ಚೌಕದಲ್ಲಿರುವ ಸ್ಮಾರಕದ ಮುಂದೆ ಒಂದು ನಿಮಿಷ ನಿಲ್ಲಿ. 1497ರಲ್ಲಿ ಪೋರ್ಚುಗಲ್‌ನ ಯಹೂದಿಗಳನ್ನು ಬಲವಂತವಾಗಿ ಕ್ರೈಸ್ತ ಧರ್ಮಕ್ಕೆ ಮತಾಂತರಿಸಿದರು. 1506ರಲ್ಲಿ ಇಲ್ಲೇ ಶುರುವಾದ ಗಲಭೆಯಲ್ಲಿ ಅವರನ್ನು ಹುಡುಕಿ ಹುಡುಕಿ ಕೊಂದರು. ಈಗ ಗೈಡ್‌ಗೆ ‘ಅಲ್ಯೈರ’ ಎಲ್ಲಿ ಸಿಗುತ್ತದೆ ಅಂತ ಕೇಳಿ. ನೋಡಲು ಹಂದಿಯ ಸಾಸೇಜ್‌ನಂತೆಯೇ ಇರುತ್ತದೆ, ಒಳಗೆ ಬ್ರೆಡ್, ಕೋಳಿ, ಬೆಳ್ಳುಳ್ಳಿ. ಹಂದಿ ತಿನ್ನದ ಯಹೂದಿಗಳು, ಗುಟ್ಟಾಗಿ ಹಳೆಯ ಧರ್ಮವನ್ನೇ ಪಾಲಿಸುತ್ತಿದ್ದಾರೆ ಎಂಬ ಅನುಮಾನ ಬಾರದಿರಲಿ ಅಂತ ಇದನ್ನು ಮಾಡಿ ಮನೆಯಲ್ಲಿ ತೂಗುಹಾಕುತ್ತಿದ್ದರು ಎಂಬ ಕಥೆ ಅಲ್ಲಿ ಎಲ್ಲರ ಬಾಯಲ್ಲಿದೆ. ಈಗ ಎಷ್ಟೋ ಕಡೆ ಹಂದಿಯನ್ನೂ ಬೆರೆಸುತ್ತಾರೆ, ಬೇಡದವರು ಕೇಳಿಕೊಂಡೇ ತಿನ್ನಿ. ಜೀವ ಉಳಿಸಿಕೊಳ್ಳಲು ಮಾಡಿದ್ದೆನ್ನುವ ಅಡುಗೆ ಇವತ್ತು ಊರಿಗೆಲ್ಲ ಇಷ್ಟದ ತಿಂಡಿ. ನನಗೆ ಇಡೀ ನಡಿಗೆಯಲ್ಲಿ ಮನಸ್ಸಿಗೆ ನಾಟುವುದು ಇದೇ.

ಮುಂದಿನದು ಬಕಲ್ಯಾವ್, ಅಂದರೆ ಉಪ್ಪು ಹಾಕಿ ಒಣಗಿಸಿದ ಕಾಡ್ ಮೀನು. ಅಂಗಡಿಯಲ್ಲಿ ಹಲಗೆಯಂತೆ ಜೋಡಿಸಿಟ್ಟಿರುತ್ತಾರೆ. ಕರಾವಳಿಯವರಿಗೆ ಆ ವಾಸನೆ ಹೊಸದಲ್ಲ, ಒಣಮೀನಿನ ಮಾರ್ಕೆಟ್ ನೆನಪಾಗುತ್ತದೆ. ವಿಚಿತ್ರ ಅಂದರೆ ಈ ಮೀನು ಪೋರ್ಚುಗಲ್‌ನ ಕಡಲಲ್ಲಿ ಸಿಗುವುದೇ ಇಲ್ಲ. ನಾರ್ವೆ, ಐಸ್‌ಲೆಂಡ್, ನ್ಯೂಫೌಂಡ್‌ಲ್ಯಾಂಡ್ ಕಡೆಯ ತಣ್ಣನೆಯ ನೀರಿನದು. ತಿಂಗಳುಗಟ್ಟಲೆ ಕೆಡದೆ ಉಳಿಯುವುದರಿಂದ ಹಡಗಿಗೂ ಆಯಿತು, ಮಾಂಸ ತಿನ್ನಬಾರದ ವ್ರತದ ದಿನಗಳಿಗೂ ಆಯಿತು. ಜನ ಪ್ರೀತಿಯಿಂದ ‘ನಂಬಿಕಸ್ಥ ಗೆಳೆಯ’ ಅನ್ನುತ್ತಾರೆ. ಕ್ರಿಸ್‌ಮಸ್ ಹಿಂದಿನ ರಾತ್ರಿ ಇದನ್ನು ಬೇಯಿಸದ ಮನೆ ಕಡಿಮೆ. ಅಡುಗೆಗೆ ಮೊದಲು ಒಂದೆರಡು ದಿನ ನೀರಲ್ಲಿ ನೆನೆಸಿ, ನೀರು ಬದಲಿಸುತ್ತಾ ಉಪ್ಪು ಇಳಿಸಬೇಕು. ಮೊದಲ ಸಲಕ್ಕೆ ಆಲೂಗಡ್ಡೆ ಬೆರೆಸಿ ಕರಿದ ಉಂಡೆ ‘ಪಶ್ತೈಶ್ ದ ಬಕಲ್ಯಾವ್’ ಸಾಕು. ಬಿಸಿಯಾಗಿದ್ದರೆ ಮಾತ್ರ ತೆಗೆದುಕೊಳ್ಳಿ.

ನದಿಯ ಕಡೆ ನಡೆದರೆ ಬಕಲ್ಯುಐರುಶ್ ಬೀದಿ ಸಿಗುತ್ತದೆ, ಹೆಸರಲ್ಲೇ ಬಕಲ್ಯಾವ್ ಇದೆ. ಅಲ್ಲಿ 1930ರ ‘ಕೊನ್ಸೆರ್ವೈರ ದ ಲಿಜ್ಬೊವ’ದಲ್ಲಿ ಡಬ್ಬಿ ಸಾರ್ಡೀನ್ (ನಮ್ಮ ಬೂತಾಯಿಯ ದಾಯಾದಿ) ಕೊಂಡರೆ, ಪೇಪರ್ ಸುತ್ತಿ ದಾರ ಕಟ್ಟಿ ಕೊಡುತ್ತಾರೆ. ಊರಿಗೆ ತರಲು ಇದಕ್ಕಿಂತ ಒಳ್ಳೆಯದಿಲ್ಲ.

ಊಟಕ್ಕೆ ಕೂತಾಗ ಒಂದು ಎಚ್ಚರ. ಕೇಳದೆಯೇ ಬ್ರೆಡ್, ಆಲಿವ್, ಚೀಸ್ ತಂದಿಡುತ್ತಾರೆ. ನಾನು ಪುಕ್ಕಟೆ ಅಂದುಕೊಂಡು ಎಲ್ಲ ಖಾಲಿ ಮಾಡಿದೆ, ಬಿಲ್‌ನಲ್ಲಿ ಒಂದೊಂದಕ್ಕೂ ದುಡ್ಡು ಹಾಕಿದ್ದರು. ಬೇಡವಾದರೆ ಮುಟ್ಟದೆ ವಾಪಸ್ ಕಳಿಸಿ, ಯಾರೂ ತಪ್ಪು ತಿಳಿಯುವುದಿಲ್ಲ. ಅಂದಹಾಗೆ ನೀವು ಕೂತ ‘ಮೇಜು’ ಇವರ ‘ಮೇಜ’ದಿಂದ ಬಂದ ಮಾತು ಅನ್ನುವವರೂ ಇದ್ದಾರೆ. ಕುಡಿಯುವವರಿಗೆ ವಿಞು ವೆರ್ದ್ ಇರಲಿ. ವೆರ್ದ್ ಅಂದರೆ ಹಸಿರು, ಇಲ್ಲಿ ಎಳೆಯ ವೈನ್ ಅಂತ ಅರ್ಥ. ಮೀನಿನ ಜೊತೆ ಹಗುರವಾಗಿ ಹೊಂದುತ್ತದೆ. ಊಟದ ನಂತರ ‘ಬಿಕ’ ಅಂದರೆ ಗಟ್ಟಿ ಕಾಫಿ ಬರುತ್ತದೆ.

ಕಸ್ಟರ್ಡ್ ಟಾರ್ಟ್‌ಗೆ ಹೆಸರಾದ ಬೆಲೆಂ ಬಡಾವಣೆಯನ್ನು ಇದೇ ನಡಿಗೆಗೆ ಸೇರಿಸಬೇಡಿ. ಸುಮಾರು ಆರು ಕಿಲೋಮೀಟರ್ ದೂರ, 15ನೇ ನಂಬರ್ ಟ್ರಾಮ್ ಹಿಡಿದು ಇನ್ನೊಂದು ಬೆಳಗ್ಗೆ ಬೇಗ ಹೋಗಿ. ಜೆರೋನಿಮುಶ್ ಮಠದಲ್ಲಿ ಬಟ್ಟೆಗೆ ಗಂಜಿ ಹಾಕಲು ಮೊಟ್ಟೆಯ ಬಿಳಿ ಬಳಸುತ್ತಿದ್ದರಂತೆ, ಉಳಿದ ಹಳದಿ ಸಿಹಿತಿಂಡಿಗೆ. 1834ರಲ್ಲಿ ಮಠಗಳನ್ನು ಮುಚ್ಚಿಸಿದರು. 1837ರಲ್ಲಿ ಪಕ್ಕದಲ್ಲೇ ‘ಪಶ್ತೈಶ್ ದ ಬೆಲೆಂ’ ಅಂಗಡಿ ಶುರುವಾಯಿತು. ಅದರ ಪಾಕ ಇವತ್ತಿಗೂ ಗುಟ್ಟು. ಟಾರ್ಟ್ ಮೇಲೆ ಚಕ್ಕೆ ಪುಡಿ ಉದುರಿಸಿಕೊಂಡು ಬಿಸಿ ಬಿಸಿ ತಿನ್ನಿ.

ತಿಂದು ಮಠದ ಚರ್ಚಿಗೆ ಹೋಗಿ. ವಾಸ್ಕೋ ಡ ಗಾಮನ ಸಮಾಧಿ ಅಲ್ಲಿದೆ. 1497ರಲ್ಲಿ ಅವನ ಹಡಗುಗಳು ಹೊರಟದ್ದು ಇದೇ ದಡದಿಂದ, ಹುಡುಕಿದ್ದು ನಮ್ಮ ಪಡುವಣ ಕರಾವಳಿಯ ಕಾಳುಮೆಣಸು. ಗೇರುಸೊಪ್ಪೆಯ ಚೆನ್ನಭೈರಾದೇವಿಗೆ ಪೋರ್ಚುಗೀಸರು ‘ಕಾಳುಮೆಣಸಿನ ರಾಣಿ’ ಅಂತ ಹೆಸರಿಟ್ಟದ್ದೂ ಆ ವ್ಯಾಪಾರದಿಂದಲೇ. ಮೆಣಸಿನಕಾಯಿ, ಗೋಡಂಬಿ, ಅನಾನಸ್ ಆಮೇಲೆ ಅವರದೇ ಹಡಗುಗಳಲ್ಲಿ ನಮ್ಮ ಕಡೆ ಬಂದವು. ಆ ಸಮಾಧಿಯ ಪಕ್ಕ ನಿಂತಾಗ ಬೆರಳಲ್ಲಿ ಇನ್ನೂ ಚಕ್ಕೆಯ ಘಮ ಇರುತ್ತದೆ.