ಟಿಕೆಟ್ ಅಸಲಿಯೇ ಇರಬಹುದು, ಆದರೆ ಅದು ನಿಮ್ಮದೇ?

ಓದುತ್ತಿದ್ದ ದಿನಗಳಲ್ಲಿ ಎರಡು ವರ್ಷ, ಶನಿವಾರ ಭಾನುವಾರಗಳಂದು ಬೆಂಗಳೂರಿನ ಸಂಗೀತ ಕಾರ್ಯಕ್ರಮಗಳ ಗೇಟಿನಲ್ಲಿ ಸ್ಕ್ಯಾನರ್ ಹಿಡಿದು ನಿಂತಿದ್ದೇನೆ. ಆ ಕೆಲಸ ಬಿಟ್ಟು ಬಹಳ ದಿನಗಳಾದರೂ ಒಂದು ಸಂಜೆ ಮನಸ್ಸಿನಿಂದ ಹೋಗಿಲ್ಲ. ಹಾಸನದಿಂದ ಬಂದಿದ್ದ ಅಣ್ಣ ತಂಗಿ. ಹುಡುಗಿ ಕೆನ್ನೆಯ ಮೇಲೆ ಬಣ್ಣದಲ್ಲಿ ಗಾಯಕನ ಹೆಸರು ಬರೆಸಿಕೊಂಡಿದ್ದಳು. ಅವಳ ಮೊಬೈಲ್‌ನಲ್ಲಿದ್ದ ಕೋಡ್ ಮೇಲೆ ಸ್ಕ್ಯಾನರ್ ಹಿಡಿದೆ, ಕೆಂಪು ಬಂತು: ಈಗಾಗಲೇ ಬಳಕೆಯಾಗಿದೆ, 5 ಗಂಟೆ 42 ನಿಮಿಷ. "ಸರ್, ಇನ್ನೊಂದು ಸಲ ನೋಡಿ" ಎಂದರು ಅಣ್ಣ. ಮೂರು ಸಲ ನೋಡಿದೆ, ಮೂರು ಸಲವೂ ಕೆಂಪೇ. ಆ ಟಿಕೆಟ್ ನಕಲಿಯಾಗಿರಲಿಲ್ಲ. ಅಪ್ಪಟ ಅಸಲಿ ಟಿಕೆಟನ್ನು ಮಾರಿದವನು ಇನ್ನೊಬ್ಬರಿಗೂ ಮಾರಿದ್ದ. ಅವರು ಇವರಿಗಿಂತ ಮೊದಲು ಬಂದು ಒಳಗೆ ಹೋಗಿದ್ದರು.

ಹಾಗಾಗಿ ಬೇರೆಯವರಿಂದ ಟಿಕೆಟ್ ಕೊಳ್ಳುವಾಗ "ಇದು ಅಸಲಿಯೇ" ಎಂದು ಕೇಳಿದರೆ ಸಾಲದು, "ಇದರಿಂದ ಒಳಗೆ ಹೋಗುವವನು ನಾನೊಬ್ಬನೇ ತಾನೇ" ಎಂದು ಕೇಳಬೇಕು. ಗೇಟಿನ ಯಂತ್ರ ಟಿಕೆಟ್‌ನ ಬಣ್ಣ, ಲಾಂಛನ, ಅಕ್ಷರ ಯಾವುದನ್ನೂ ನೋಡುವುದಿಲ್ಲ. ಕೋಡ್‌ನಲ್ಲಿ ಅಡಗಿರುವ ಸಂಖ್ಯೆ ತನ್ನ ಪಟ್ಟಿಯಲ್ಲಿ ಇದೆಯೇ, ಇದ್ದರೆ ಈ ಮೊದಲು ಯಾರಾದರೂ ಅದನ್ನು ತೋರಿಸಿದ್ದಾರೆಯೇ ಎಂಬ ಎರಡನ್ನೇ ನೋಡುತ್ತದೆ. ಆ ಕೋಡ್‌ನ ಚಿತ್ರ ಹತ್ತು ಮೊಬೈಲ್‌ಗಳಲ್ಲಿದ್ದರೂ ಒಳಗೆ ಹೋಗುವುದು ಮೊದಲು ಬಂದವರು ಮಾತ್ರ.

ಇದು ತಿಳಿದರೆ ಮುಂದಿನ ಮಾತು ವಿಚಿತ್ರವೆನಿಸದು. ನಂಬಿಕೆ ಬರಲೆಂದು ಪೂರ್ತಿ ಕ್ಯೂಆರ್ ಕೋಡ್ ಕಾಣುವಂತೆ ಟಿಕೆಟ್‌ನ ಫೋಟೋ ಕಳುಹಿಸುವವರನ್ನೇ ಮೊದಲು ಅನುಮಾನಿಸಿ. ನಿಮಗೆ ಕಳುಹಿಸಿದ್ದನ್ನು ಇನ್ನೂ ನಾಲ್ವರಿಗೆ ಕಳುಹಿಸಿರಬಹುದು. ನಿಜವಾಗಿ ಮಾರಬೇಕೆಂದಿರುವವರು ಕೋಡ್ ಮುಚ್ಚಿ ಉಳಿದದ್ದನ್ನು ತೋರಿಸುತ್ತಾರೆ. ಕೆಲವು ಟಿಕೆಟ್‌ಗಳ ಕೋಡ್ ಆ್ಯಪ್‌ನೊಳಗೆ ಕೆಲವೇ ಕ್ಷಣಗಳಿಗೊಮ್ಮೆ ಬದಲಾಗುತ್ತಿರುತ್ತದೆ, ಕೆಲವದರಲ್ಲಿ ಕಾರ್ಯಕ್ರಮ ಹತ್ತಿರ ಬಂದಾಗಲಷ್ಟೇ ಕಾಣಿಸಿಕೊಳ್ಳುತ್ತದೆ. ಅಂಥ ಟಿಕೆಟ್‌ನ ಸ್ಕ್ರೀನ್‌ಶಾಟ್ ಗೇಟಿನಲ್ಲಿ ನಡೆಯುವುದೇ ಇಲ್ಲ.

ಹಾಗಾದರೆ ಏನು ಕೇಳಬೇಕು? ಟಿಕೆಟ್ ಮಾರಿದ ಆ್ಯಪ್‌ನಲ್ಲಿ ವರ್ಗಾವಣೆಯ ಸೌಲಭ್ಯ ಇದೆಯೇ ನೋಡಿ. ಇದ್ದರೆ ಬೇರೆ ಮಾತೇ ಬೇಡ, "ನನ್ನ ಖಾತೆಗೆ ವರ್ಗಾಯಿಸಿ, ಬಂದ ಕ್ಷಣ ಹಣ ಕಳುಹಿಸುತ್ತೇನೆ" ಎನ್ನಿ. ವರ್ಗಾವಣೆ ಆಯಿತೆಂಬ ಸಂದೇಶವನ್ನಷ್ಟೇ ನಂಬಬೇಡಿ, ನಿಮ್ಮದೇ ಮೊಬೈಲ್‌ನಲ್ಲಿ ನಿಮ್ಮದೇ ಆ್ಯಪ್ ತೆರೆದು ಟಿಕೆಟ್ ಅಲ್ಲಿದೆಯೇ ನೋಡಿ. ಅವರು ಕಳುಹಿಸಿದ ಲಿಂಕ್ ಒತ್ತಿ ಒಳಹೋಗಬೇಡಿ.

ವರ್ಗಾವಣೆಗೆ ದಾರಿ ಇಲ್ಲದಿದ್ದರೆ ವಿಡಿಯೋ ಕರೆ ಮಾಡಿ. ಬುಕಿಂಗ್‌ನ ಚಿತ್ರ, ಇಮೇಲ್‌ನ ಚಿತ್ರ ಎಲ್ಲವನ್ನೂ ಐದು ನಿಮಿಷದಲ್ಲಿ ತಿದ್ದಬಹುದು, ಆದ್ದರಿಂದ ನಿಮ್ಮ ಕಣ್ಣೆದುರಿಗೇ ಆ್ಯಪ್ ಮುಚ್ಚಿ, ಮತ್ತೆ ತೆರೆದು, ಬುಕಿಂಗ್ ಪಟ್ಟಿಯಿಂದ ಆ ಟಿಕೆಟ್‌ಗೆ ಹೋಗುವಂತೆ ಕೇಳಿ. ಟಿಕೆಟ್ ಕೊಂಡ ದಿನ ಬ್ಯಾಂಕಿನಿಂದ ಬಂದ ಸಂದೇಶವನ್ನೂ ಕೇಳಿ. ಹಣ ಕಡಿತವಾದ ದಿನಾಂಕ ಟಿಕೆಟ್ ಮಾರಾಟದ ದಿನಕ್ಕೆ, ಮೊತ್ತವು ಟಿಕೆಟ್‌ಗಳ ಬೆಲೆ ಮತ್ತು ಶುಲ್ಕಕ್ಕೆ ಹೊಂದಬೇಕು. ಪ್ರಾಮಾಣಿಕರಿಗೆ ಇದೆಲ್ಲ ಎರಡು ನಿಮಿಷದ ಕೆಲಸ. "ಕ್ಯಾಮೆರಾ ಕೆಟ್ಟಿದೆ", "ಆಫೀಸಿನಲ್ಲಿದ್ದೇನೆ", "ಇನ್ನೂ ಮೂವರು ಕೇಳುತ್ತಿದ್ದಾರೆ, ಬೇಗ ಹೇಳಿ" ಎಂಬ ಉತ್ತರ ಬಂದರೆ ಅಲ್ಲಿಗೇ ಬಿಟ್ಟುಬಿಡಿ.

ಆಯೋಜಕರು ಪ್ರಕಟಿಸಿದ ಆಸನ ನಕ್ಷೆಯನ್ನು ಪಕ್ಕದಲ್ಲಿಟ್ಟುಕೊಂಡು ಹೋಲಿಸುವುದನ್ನು ಮರೆಯಬೇಡಿ. ಆ ಹೆಸರಿನ ವಿಭಾಗ ಇದೆಯೇ, ಗೇಟ್ ಸಂಖ್ಯೆ ಸರಿಯೇ, ನಿಂತು ನೋಡುವ ಜಾಗಕ್ಕೆ ಆಸನ ಸಂಖ್ಯೆ ಬರೆದಿದ್ದಾರೆಯೇ? ಮಾರಾಟವೇ ಶುರುವಾಗದ ಟಿಕೆಟನ್ನು "ನನ್ನ ಬಳಿ ಇದೆ" ಎನ್ನುವವರೂ ಇರುತ್ತಾರೆ. ಇನ್ನು ಕೆಲವು ಕಾರ್ಯಕ್ರಮಗಳಲ್ಲಿ ಬುಕಿಂಗ್ ತೋರಿಸಿ ಮಣಿಕಟ್ಟಿಗೆ ಕಟ್ಟಿಕೊಳ್ಳುವ ಪ್ರವೇಶದ ಪಟ್ಟಿ (ರಿಸ್ಟ್‌ಬ್ಯಾಂಡ್) ಪಡೆಯಬೇಕಾಗುತ್ತದೆ. ಅದನ್ನು ಪಡೆಯಲು ಬುಕ್ ಮಾಡಿದವರ ಗುರುತಿನ ಚೀಟಿ ಬೇಕೇ ಎಂದು ನಿಯಮಗಳಲ್ಲಿ ಓದಿಕೊಳ್ಳಿ. ಬೇಕೆಂದಿದ್ದರೆ ಮಾರುವವರು ಜೊತೆಯಲ್ಲಿ ಬರಲೇಬೇಕು.

ಹಣ ಕೊಡುವ ಮುನ್ನ ಯುಪಿಐನಲ್ಲಿ ಕಾಣುವ ಹೆಸರನ್ನು ನಿಧಾನವಾಗಿ ಓದಿ. ಟಿಕೆಟ್ ಒಬ್ಬರ ಹೆಸರಿನಲ್ಲಿ, ಖಾತೆ ಇನ್ಯಾರದೋ ಹೆಸರಿನಲ್ಲಿ ಇದ್ದರೆ ಏಕೆಂದು ಕೇಳಿ. ಮುಂಗಡವೆಂದು ಸ್ವಲ್ಪ ಕೊಡಿ ಎನ್ನುವುದು ಮೂಗಿಗೆ ತುಪ್ಪ ಸವರುವ ಕೆಲಸ, ಸಾವಿರ ಕೊಟ್ಟ ಮೇಲೆ ಆ ಸಾವಿರ ಉಳಿಸಿಕೊಳ್ಳಲು ಇನ್ನೈದು ಸಾವಿರ ಕೊಡುತ್ತೀರಿ. "ಹೆಚ್ಚು ಬಂತು, ಮರಳಿಸುತ್ತೇನೆ, ಈ ಕೋಡ್ ಸ್ಕ್ಯಾನ್ ಮಾಡಿ" ಎಂದರೆ ಕೂಡಲೇ ಕರೆ ಕತ್ತರಿಸಿ. ಹಣ ಪಡೆಯಲು ಕೋಡ್ ಸ್ಕ್ಯಾನ್ ಮಾಡುವ, ಪಿನ್ ಒತ್ತುವ ಅಗತ್ಯವೇ ಇಲ್ಲ.

ನನ್ನನ್ನು ಕೇಳಿದರೆ ಎಲ್ಲಕ್ಕಿಂತ ಗಟ್ಟಿಯಾದ ದಾರಿ ಒಂದಿದೆ. ಎರಡು ಟಿಕೆಟ್ ಇದ್ದು ಒಂದನ್ನಷ್ಟೇ ಮಾರುವವರನ್ನು ಹುಡುಕಿ. ಅವರ ಜೊತೆಯಲ್ಲೇ ಗೇಟಿಗೆ ಬಂದು, ಸ್ಕ್ಯಾನರ್ ಹಸಿರು ತೋರಿಸಿದ ಮೇಲೆ ಹಣ ಕೊಡಿ. ಅಷ್ಟಾದರೂ ಗೇಟು ತೆರೆಯುವ ಹೊತ್ತಿಗೇ ಹೋಗಿ ನಿಲ್ಲಿ.

2024ರ ಸೆಪ್ಟೆಂಬರ್ 22ರಂದು ಬ್ರಿಟನ್ನಿನ ಕೋಲ್ಡ್‌ಪ್ಲೇ ಸಂಗೀತ ತಂಡದ ಮುಂಬೈ ಕಾರ್ಯಕ್ರಮದ ಟಿಕೆಟ್ ಮಾರಾಟ ಆರಂಭವಾದಾಗ ಇದೆಲ್ಲ ದೇಶಕ್ಕೇ ಕಾಣಿಸಿತು. 2,500 ರೂಪಾಯಿಯಿಂದ ಇದ್ದ ಟಿಕೆಟ್‌ಗಳನ್ನು ಹಲವು ಪಟ್ಟು ಬೆಲೆಗೆ ಮಾರಲು ಹೊರಟವರು ಎಲ್ಲೆಡೆ ಹುಟ್ಟಿಕೊಂಡರು. ಅನಧಿಕೃತವಾಗಿ ಕೊಂಡ ಟಿಕೆಟ್ ನಕಲಿಯಾಗಿರಬಹುದು ಎಂದು ಅಧಿಕೃತವಾಗಿ ಮಾರುತ್ತಿದ್ದ ಬುಕ್‌ಮೈಶೋ ಎಚ್ಚರಿಸಿತು. ಅಕ್ಟೋಬರ್‌ನಲ್ಲಿ ಜಾರಿ ನಿರ್ದೇಶನಾಲಯ ಬೆಂಗಳೂರೂ ಸೇರಿದಂತೆ ಐದು ನಗರಗಳಲ್ಲಿ ಶೋಧ ನಡೆಸಿತು. ಇನ್‌ಸ್ಟಾಗ್ರಾಂ, ವಾಟ್ಸ್‌ಆ್ಯಪ್, ಟೆಲಿಗ್ರಾಂಗಳೇ ಈ ವ್ಯಾಪಾರದ ಸಂತೆಯಾಗಿದ್ದವು.

ಮೋಸ ಹೋದದ್ದು ತಿಳಿದ ಕೂಡಲೇ 1930ಕ್ಕೆ ಕರೆ ಮಾಡಿ, ಅದು ಸೈಬರ್ ಅಪರಾಧದ ಸಹಾಯವಾಣಿ. ಹಣ ಇನ್ನೂ ಖಾತೆಯಿಂದ ಖಾತೆಗೆ ಓಡುವ ಮೊದಲೇ ತಡೆಯಬೇಕಾದ್ದರಿಂದ ನಾಳೆ ನೋಡೋಣ ಎನ್ನಬೇಡಿ. ಮಾರಿದವರನ್ನು ಬೈದು ಎಚ್ಚರಿಸುವ ಮೊದಲು ಮಾತುಕತೆ, ಫೋನ್ ಸಂಖ್ಯೆ, ಯುಪಿಐ ಐಡಿ, ವಹಿವಾಟಿನ 12 ಅಂಕಿಯ ಸಂಖ್ಯೆ ಎಲ್ಲವನ್ನೂ ಉಳಿಸಿಕೊಳ್ಳಿ, ಅವರು ಕ್ಷಣದಲ್ಲಿ ಸಂದೇಶಗಳನ್ನು ಅಳಿಸಿಬಿಡುತ್ತಾರೆ. ಗೇಟಿನಲ್ಲಿ ಕೆಂಪು ಬಂದರೆ ಸ್ಕ್ಯಾನರ್ ಹಿಡಿದ ಹುಡುಗನ ಮೇಲೆ ಕೂಗಬೇಡಿ, ಅವನ ಕೈಯಲ್ಲಿ ಏನೂ ಇಲ್ಲ. ಮೇಲ್ವಿಚಾರಕರನ್ನು ಕರೆಸಿ, ಮೊದಲ ಸ್ಕ್ಯಾನ್ ಯಾವ ಗೇಟಿನಲ್ಲಿ, ಎಷ್ಟು ಗಂಟೆಗೆ ಆಯಿತೆಂದು ಬರೆದುಕೊಡಲು ಕೇಳಿ. ದೂರು ಕೊಡುವಾಗ ಒಂದೇ ಟಿಕೆಟ್ ಇಬ್ಬರಿಗೆ ಮಾರಲಾಗಿತ್ತೆಂದು ತೋರಿಸಲು ಅದು ನೆರವಾಗುತ್ತದೆ. ಹಾಸನದ ಆ ಅಣ್ಣನಿಗೆ ನಾನೇ ಒಂದು ಚೀಟಿಯಲ್ಲಿ ಬರೆದುಕೊಟ್ಟೆ: ಗೇಟ್ 3, ಸಂಜೆ 5.42. ಅವರು ಅದನ್ನು ಮಡಚಿ ಜೇಬಿಗಿಟ್ಟುಕೊಳ್ಳುವಾಗ ಒಳಗೆ ಮೊದಲ ಹಾಡು ಶುರುವಾಗಿತ್ತು. ತಂಗಿ ಬೇಲಿಯ ಹೊರಗೆ ನಿಂತು ಅದನ್ನು ಕೊನೆಯವರೆಗೂ ಕೇಳಿದಳು.