ಬಡಾವಣೆಗೊಂದು ಕಂಪ್ಯೂಟರ್ ಸಂಘ: ಕಟ್ಟುವುದು, ನಡೆಸುವುದು ಹೇಗೆ?

ಬೆಸ್ಕಾಂ ಬಿಲ್ಲಿನಿಂದ ಹಿಡಿದು ಪಿಂಚಣಿದಾರರ ಜೀವನ ಪ್ರಮಾಣಪತ್ರದವರೆಗೆ, ಗ್ಯಾಸ್ ಬುಕಿಂಗಿನಿಂದ ಮನೆಯ ಇ-ಖಾತಾದವರೆಗೆ ಬೆಂಗಳೂರಿನಲ್ಲಿ ಈಗ ಬಹುತೇಕ ಕೆಲಸಗಳು ಮೊಬೈಲ್ ಮೂಲಕವೇ ನಡೆಯುತ್ತವೆ. ಆದರೆ ಆ ಮೊಬೈಲೇ ತೊಂದರೆ ಕೊಟ್ಟಾಗ ಯಾರನ್ನು ಕೇಳಬೇಕು ಎಂಬ ಪ್ರಶ್ನೆಗೆ ಬಸವನಗುಡಿಯ ನಿವೃತ್ತ ಶಿಕ್ಷಕಿಗಾಗಲಿ, ಪೀಣ್ಯದಲ್ಲಿ ಸಣ್ಣ ವರ್ಕ್‌ಶಾಪ್ ಇಟ್ಟುಕೊಂಡವರಿಗಾಗಲಿ ಸುಲಭದ ಉತ್ತರವಿಲ್ಲ. ಮಕ್ಕಳು ಬೇರೆ ಊರಿನಲ್ಲಿರುತ್ತಾರೆ ಅಥವಾ ಕಚೇರಿ ಮುಗಿಸಿ ರಾತ್ರಿ ಮನೆಗೆ ಬರುತ್ತಾರೆ. ರಸ್ತೆ ತಿರುವಿನ ಅಂಗಡಿಯವರು ಕೆಲಸ ಮಾಡಿಕೊಡುತ್ತಾರಾದರೂ, ಹೇಗೆ ಮಾಡಿದೆವೆಂದು ಕೂರಿಸಿಕೊಂಡು ತೋರಿಸುವಷ್ಟು ವ್ಯವಧಾನ ಅವರಿಗಿರುವುದಿಲ್ಲ. ಅದೇ ಬಡಾವಣೆಯಲ್ಲಿ ಸಾಫ್ಟ್‌ವೇರ್ ಕೆಲಸದವರು, ದೂರಸಂಪರ್ಕ ಇಲಾಖೆಯಿಂದಲೋ ಸಾರ್ವಜನಿಕ ವಲಯದ ಕಾರ್ಖಾನೆಗಳಿಂದಲೋ ನಿವೃತ್ತರಾದವರು, ಎಂಜಿನಿಯರಿಂಗ್ ಓದುತ್ತಿರುವ ಹುಡುಗ ಹುಡುಗಿಯರು ಇದ್ದೇ ಇರುತ್ತಾರೆ. ಕೇಳಬೇಕಾದವರನ್ನೂ ಹೇಳಬಲ್ಲವರನ್ನೂ ವಾರಕ್ಕೊಮ್ಮೆ ಒಂದೇ ಮೇಜಿನ ಮುಂದೆ ಕೂರಿಸಿದರೆ ಅದೇ ಕಂಪ್ಯೂಟರ್ ಸಂಘ.

ಇದು ಹೊಸ ಯೋಚನೆಯೇನೂ ಅಲ್ಲ. ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ 1975ರ ಮಾರ್ಚ್‌ನಲ್ಲಿ ಒಂದು ಮನೆಯ ಗ್ಯಾರೇಜಿನಲ್ಲಿ ಸೇರಿದ ಹೋಂಬ್ರೂ ಕಂಪ್ಯೂಟರ್ ಕ್ಲಬ್ಬಿನ ಸದಸ್ಯರು ತಮಗೆ ತಿಳಿದದ್ದನ್ನು ಪರಸ್ಪರ ಹಂಚಿಕೊಳ್ಳುವುದಕ್ಕಾಗಿಯೇ ಸೇರುತ್ತಿದ್ದರು. ಬೆಂಗಳೂರಿನಲ್ಲಿಯೇ ರಿಪೇರಿ ಕೆಫೆ ಎಂಬ ಸ್ವಯಂಸೇವಕರ ಗುಂಪು ಕೆಟ್ಟ ಮನೆಬಳಕೆ ವಸ್ತುಗಳನ್ನು ಅವುಗಳ ಮಾಲೀಕರ ಎದುರಿಗೇ ಬಿಚ್ಚಿ ಸರಿಪಡಿಸುವ ಶಿಬಿರಗಳನ್ನು ನಡೆಸುತ್ತ ಬಂದಿದೆ.

ಜಾಗ, ಸಮಯ, ಸಾಮಾನು

ಜಾಗಕ್ಕೆ ಬಾಡಿಗೆ ಕೊಡಬೇಕಾದ ಅಗತ್ಯ ಸಾಮಾನ್ಯವಾಗಿ ಬರುವುದಿಲ್ಲ. ನಿವಾಸಿಗಳ ಕ್ಷೇಮಾಭಿವೃದ್ಧಿ ಸಂಘದ ಕೊಠಡಿ, ಅಪಾರ್ಟ್‌ಮೆಂಟಿನ ಸಭಾಂಗಣ, ದೇವಸ್ಥಾನದ ಪಕ್ಕದ ಹಾಲ್, ವಾರ್ಡಿನ ಗ್ರಂಥಾಲಯ, ಇವುಗಳಲ್ಲಿ ಒಂದು ಸಿಕ್ಕರೆ ಸಾಕು. ಮೆಟ್ಟಿಲು ಹತ್ತುವ ಅಗತ್ಯವಿಲ್ಲದ ನೆಲಮಹಡಿಯನ್ನೇ ಆರಿಸಿಕೊಳ್ಳಬೇಕು, ಏಕೆಂದರೆ ಬರುವವರಲ್ಲಿ ಹೆಚ್ಚಿನವರು ಅರವತ್ತು ದಾಟಿದವರೇ ಆಗಿರುತ್ತಾರೆ. ಭಾನುವಾರ ಬೆಳಿಗ್ಗೆ ಹತ್ತರಿಂದ ಹನ್ನೆರಡರವರೆಗಿನ ಸಮಯ ಕೆಲಸಕ್ಕೆ ಹೋಗುವವರಿಗೂ ವಿದ್ಯಾರ್ಥಿಗಳಿಗೂ ಒಗ್ಗುತ್ತದೆ. ಎರಡು ಮೇಜು, ಒಂದೆರಡು ಎಕ್ಸ್‌ಟೆನ್ಷನ್ ಬೋರ್ಡ್, ಬೇರೆ ಬೇರೆ ಪಿನ್ನಿನ ಚಾರ್ಜರ್‌ಗಳು, ಒಂದು ಹಳೆಯ ಲ್ಯಾಪ್‌ಟಾಪ್, ಹೆಚ್ಚು ಜಾಗವಿರುವ ಪೆನ್‌ಡ್ರೈವ್, ಇಂಟರ್‌ನೆಟ್ ಸಂಪರ್ಕ ಮತ್ತು ಗಟ್ಟಿ ರಟ್ಟಿನ ಒಂದು ನೋಟ್‌ಬುಕ್ ಇದ್ದರೆ ಸಂಘ ಆರಂಭವಾಯಿತೆಂದೇ ಲೆಕ್ಕ.

ಕೈ ಸದಸ್ಯರದೇ ಆಗಿರಲಿ

ಮೊದಲ ಸಭೆಯಲ್ಲಿಯೇ ಒಪ್ಪಿಕೊಳ್ಳಬೇಕಾದ ನಿಯಮವೊಂದಿದೆ. ಇಡೀ ಲೇಖನದಲ್ಲಿ ಒಂದನ್ನೇ ನೆನಪಿಟ್ಟುಕೊಳ್ಳುವುದಾದರೆ ಇದನ್ನೇ ನೆನಪಿಟ್ಟುಕೊಳ್ಳಿ ಎಂದು ಕೇಳಿಕೊಳ್ಳುತ್ತೇನೆ. ಸಹಾಯ ಮಾಡುವವರು ಸದಸ್ಯರ ಫೋನನ್ನು ತಮ್ಮ ಕೈಗೆ ತೆಗೆದುಕೊಳ್ಳಬಾರದು. ಪಕ್ಕದಲ್ಲಿ ಕುಳಿತು ಎಲ್ಲಿ ಒತ್ತಬೇಕೆಂದು ಬೆರಳು ತೋರಿಸಬೇಕು, ಒತ್ತುವವರು ಫೋನಿನ ಒಡೆಯರೇ ಆಗಿರಬೇಕು. ಎರಡು ನಿಮಿಷದಲ್ಲಿ ಮುಗಿಯುವ ಕೆಲಸಕ್ಕೆ ಇಪ್ಪತ್ತು ನಿಮಿಷ ಹಿಡಿಯುತ್ತದೆ ಎಂಬುದು ನಿಜವೇ. ಆದರೆ ಫೋನನ್ನು ಕಸಿದುಕೊಂಡು ಸರಿಮಾಡಿ ಕೊಟ್ಟರೆ ಅದೇ ತೊಂದರೆಗೆ ಅದೇ ಸದಸ್ಯರು ಮುಂದಿನ ತಿಂಗಳು ಮತ್ತೆ ಬರುತ್ತಾರೆ, ಅಷ್ಟೇ ಅಲ್ಲದೆ 'ನನಗೆ ಇದೆಲ್ಲ ಬರುವುದಿಲ್ಲ' ಎಂಬ ಅಳುಕನ್ನು ಇನ್ನಷ್ಟು ಗಟ್ಟಿಮಾಡಿಕೊಂಡು ಮನೆಗೆ ಹೋಗುತ್ತಾರೆ.

ಈ ನಿಯಮದ ಇನ್ನೊಂದು ಮುಖ ಸುರಕ್ಷತೆ. ಪಾಸ್‌ವರ್ಡ್, ಒಟಿಪಿ, ಯುಪಿಐ ಪಿನ್ ಇವುಗಳನ್ನು ಸದಸ್ಯರು ಬಾಯಿಬಿಟ್ಟು ಹೇಳಬಾರದು, ಸಹಾಯಕರು ಕೇಳಬಾರದು. ಪಿನ್ ಹಾಕುವಾಗ ಸಹಾಯಕರು ಮುಖ ತಿರುಗಿಸಿಕೊಳ್ಳುವುದನ್ನು ರೂಢಿ ಮಾಡಿಕೊಳ್ಳಬೇಕು. ಸಂಘದಲ್ಲಿ ಎಲ್ಲರೂ ಪರಿಚಿತರೇ, ಇಷ್ಟೊಂದು ಬಿಗಿ ಯಾಕೆ ಎಂದು ಕೆಲವರು ಕೇಳಿಯೇ ಕೇಳುತ್ತಾರೆ. ಪರಿಚಿತರ ಮುಂದೆ ಹೇಳುವ ಅಭ್ಯಾಸವೇ ನಾಳೆ ಬ್ಯಾಂಕಿನವನೆಂದು ಹೇಳಿಕೊಂಡು ಫೋನ್ ಮಾಡುವವನ ಮುಂದೆಯೂ ಬಾಯಿ ಬಿಡಿಸುತ್ತದೆ ಎಂದು ಅವರಿಗೆ ಸಮಾಧಾನವಾಗಿ ತಿಳಿಸಬೇಕು.

ತೊಂದರೆಯನ್ನು ಬರೆದುಕೊಳ್ಳುವ ಬಗೆ

ನೋಟ್‌ಬುಕ್ಕಿನಲ್ಲಿ ದಿನಾಂಕ, ಯಾವ ಸಾಧನ, ತೊಂದರೆ ಏನು, ಯಾವುದರಿಂದ ಸರಿಹೋಯಿತು ಎಂಬ ನಾಲ್ಕು ಅಂಕಣಗಳಿರಲಿ. ಫೋನ್ ನಂಬರ್, ಆಧಾರ್ ಸಂಖ್ಯೆ, ಖಾತೆಯ ವಿವರ ಯಾವುದೂ ಅದರೊಳಗೆ ಬರಬಾರದು. ತೊಂದರೆಯನ್ನು ಮೊದಲು ಸದಸ್ಯರ ಮಾತಿನಲ್ಲಿಯೇ ಬರೆದುಕೊಂಡು, ಆಮೇಲೆ ವೈದ್ಯರು ರೋಗಿಯನ್ನು ವಿಚಾರಿಸುವ ಹಾಗೆ ಒಂದೊಂದಾಗಿ ಕೇಳುತ್ತ ಹೋಗಬೇಕು: ಪರದೆಯ ಮೇಲೆ ಏನೆಂದು ಬರುತ್ತಿದೆ, ಯಾವಾಗಿನಿಂದ ಹೀಗಾಗುತ್ತಿದೆ, ಅದಕ್ಕೆ ಹಿಂದಿನ ದಿನ ಹೊಸದೇನಾದರೂ ಹಾಕಿಕೊಂಡಿದ್ದಿರಾ?

ಒಂದು ಉದಾಹರಣೆ ನೋಡೋಣ. 'ವಾಟ್ಸಾಪ್ ಹೋಯ್ತು' ಎಂದು ಒಬ್ಬರು ಬರುತ್ತಾರೆ. ಈ ಎರಡು ಪದಗಳ ಹಿಂದೆ ಕನಿಷ್ಠ ಮೂರು ಬೇರೆ ಬೇರೆ ಸಂಗತಿಗಳಿರಬಹುದು. ಮುಖಪುಟದಲ್ಲಿದ್ದ ಹಸಿರು ಚಿಹ್ನೆ ಕೈತಪ್ಪಿ ಸರಿದುಹೋಗಿದ್ದರೆ ಆ್ಯಪ್‌ಗಳ ಪಟ್ಟಿಯಿಂದ ಅದನ್ನು ಮತ್ತೆ ಎಳೆದು ತಂದರಾಯಿತು. ಸಂದೇಶದ ಪಕ್ಕದಲ್ಲಿ ಗಡಿಯಾರದ ಗುರುತು ಉಳಿದುಬಿಟ್ಟಿದ್ದರೆ ಇಂಟರ್‌ನೆಟ್ ಇಲ್ಲವೆಂದು ಅರ್ಥ. ಆದರೆ 'ನಿಮ್ಮ ನಂಬರ್ ಬೇರೊಂದು ಫೋನಿನಲ್ಲಿ ನೋಂದಣಿಯಾಗಿದೆ' ಎಂಬರ್ಥದ ಸೂಚನೆ ಬಂದಿದ್ದರೆ ಖಾತೆ ಬೇರೆಯವರ ಪಾಲಾಗಿದೆ ಎಂದೇ ತಿಳಿಯಬೇಕು. ಆಗ ಉಳಿದ ಕೆಲಸಗಳನ್ನೆಲ್ಲ ಬದಿಗಿಟ್ಟು ಅದೇ ನಂಬರಿನಿಂದ ಕೂಡಲೇ ಮತ್ತೆ ನೋಂದಣಿ ಮಾಡಿಸಿ, 'ನನ್ನ ಹೆಸರಿನಲ್ಲಿ ಹಣ ಕೇಳಿದರೆ ಕೊಡಬೇಡಿ' ಎಂದು ಬಂಧುಬಳಗಕ್ಕೆ ಕರೆಮಾಡಿ ತಿಳಿಸಲು ಹೇಳಬೇಕು. ಖಾತೆ ಕೈಗೆ ಬಂದ ಮೇಲೆ ಸೆಟ್ಟಿಂಗ್ಸ್‌ನ ಅಕೌಂಟ್ ಭಾಗದಲ್ಲಿರುವ ಟೂ-ಸ್ಟೆಪ್ ವೆರಿಫಿಕೇಷನ್‌ನಲ್ಲಿ ಆರಂಕಿಯ ಪಿನ್ ಹಾಕಿಸಿಬಿಟ್ಟರೆ ಮುಂದೆ ಒಟಿಪಿ ಒಂದರಿಂದಲೇ ಖಾತೆ ಕಸಿಯಲು ಆಗುವುದಿಲ್ಲ.

ಸುಲಭದಿಂದ ಕಷ್ಟದ ಕಡೆಗೆ

ತೊಂದರೆ ಯಾವುದೇ ಇರಲಿ, ಹಾಳಾಗುವ ಅಪಾಯವಿಲ್ಲದ ಪರೀಕ್ಷೆಗಳನ್ನು ಮೊದಲು ಮಾಡಬೇಕು. ಮನೆಯಲ್ಲಿ ನೆಟ್ ಬರುತ್ತಿಲ್ಲ ಎಂದರೆ ಪಾಸ್‌ವರ್ಡ್ ಬದಲಿಸುವುದು, ರೀಸೆಟ್ ಗುಂಡಿಗೆ ಪಿನ್ ಚುಚ್ಚುವುದು ಕೊನೆಯ ಮಾತು. ಮೊದಲು ಫೈಬರ್ ಪೆಟ್ಟಿಗೆಯ ದೀಪಗಳನ್ನು ನೋಡಬೇಕು. ಎಲ್‌ಒಎಸ್ ಎಂದು ಬರೆದಿರುವ ದೀಪ ಕೆಂಪಗೆ ಹೊತ್ತಿದ್ದರೆ ಹೊರಗಿನಿಂದ ಬರುವ ಬೆಳಕಿನ ಸಂಕೇತವೇ ಪೆಟ್ಟಿಗೆಯನ್ನು ಮುಟ್ಟುತ್ತಿಲ್ಲ. ರಸ್ತೆ ಅಗೆತದಲ್ಲಿ ಕೇಬಲ್ ತುಂಡಾಗಿರಬಹುದು, ಮರದ ಕೊಂಬೆ ಬಿದ್ದು ಎಳೆದಿರಬಹುದು. ಅದನ್ನು ಮನೆಯೊಳಗೆ ಕುಳಿತು ಸರಿಮಾಡಲಾಗದು, ಸಂಪರ್ಕ ಕೊಟ್ಟವರಿಗೆ ದೂರು ಕೊಡುವುದೊಂದೇ ದಾರಿ. ದೀಪಗಳೆಲ್ಲ ಸರಿಯಿದ್ದು ಒಳಕೋಣೆಯಲ್ಲಿ ಮಾತ್ರ ನೆಟ್ ನಿಧಾನವಾಗಿದ್ದರೆ, ವೈಫೈ ಪಟ್ಟಿಯಲ್ಲಿ ಒಂದೇ ಮನೆಯ ಎರಡು ಹೆಸರುಗಳಿವೆಯೇ ಎಂದು ನೋಡಬೇಕು. 5 ಗಿಗಾಹರ್ಟ್ಸ್‌ನದು ವೇಗದ್ದು, ಆದರೆ ಗೋಡೆ ದಾಟುವುದರಲ್ಲಿ ಹಿಂದೆ; 2.4 ಗಿಗಾಹರ್ಟ್ಸ್‌ನದು ನಿಧಾನವಾದರೂ ದೂರದ ಕೋಣೆಯನ್ನು ಮುಟ್ಟುತ್ತದೆ.

ಫೋನಿನಲ್ಲಿ ಜಾಗವಿಲ್ಲ ಎಂಬುದು ಅತಿ ಸಾಮಾನ್ಯವಾದ ದೂರು. ವಾಟ್ಸಾಪ್‌ನ ಸ್ಟೋರೇಜ್ ವಿಭಾಗದೊಳಗೆ ಹೋದರೆ ಯಾವ ಗುಂಪು ಎಷ್ಟು ಜಾಗ ತಿಂದಿದೆ ಎಂಬ ಲೆಕ್ಕ ಸಿಗುತ್ತದೆ. ಶುಭೋದಯದ ಚಿತ್ರಗಳನ್ನೂ ಹಲವರು ಕಳಿಸಿದ ಒಂದೇ ವಿಡಿಯೊವನ್ನೂ ಅಲ್ಲಿಂದಲೇ ಅಳಿಸಬಹುದು. ಆದರೆ ಅಳಿಸುವ ಮೊದಲು ಮೊಮ್ಮಕ್ಕಳ ಫೋಟೊಗಳು ಬೇರೆಲ್ಲಿಯಾದರೂ ಉಳಿದಿವೆಯೇ ಎಂದು ತಪ್ಪದೆ ಕೇಳಿ, ಪೆನ್‌ಡ್ರೈವಿಗೋ ಲ್ಯಾಪ್‌ಟಾಪಿಗೋ ನಕಲು ಮಾಡಿಸಿಕೊಳ್ಳಬೇಕು. ಗೂಗಲ್ ಉಚಿತವಾಗಿ ಕೊಡುವ 15 ಜಿಬಿ ಜಾಗವನ್ನು ಜಿಮೇಲ್, ಡ್ರೈವ್, ಫೋಟೋಸ್ ಮೂರೂ ಹಂಚಿಕೊಳ್ಳುತ್ತವೆ. 2021ರ ಜೂನ್ 1ರಿಂದ ಹೊಸದಾಗಿ ಸೇರುವ ಫೋಟೊಗಳೂ ಆ ಲೆಕ್ಕಕ್ಕೆ ಬರುವುದರಿಂದ, ಅದು ತುಂಬಿದ ದಿನ ಮೇಲ್ ಬರುವುದೇ ನಿಂತುಹೋಗುತ್ತದೆ. ಮೇಲ್ ಬರುತ್ತಿಲ್ಲ ಎಂದು ಬಂದವರಿಗೆ ಫೋಟೊಗಳನ್ನು ತೆಗೆಯಲು ಹೇಳಬೇಕಾಗುವುದು ಇದರಿಂದಲೇ.

ಕನ್ನಡದ ಕಡತಗಳು

ನಮ್ಮ ಊರಿನ ಸಂಘಕ್ಕೆ ಮಾತ್ರ ಬರುವಂಥ ಒಂದು ತೊಂದರೆಯನ್ನು ಸ್ವಲ್ಪ ವಿವರವಾಗಿಯೇ ಹೇಳಬೇಕು. ಹದಿನೈದು ವರ್ಷಗಳ ಹಿಂದೆ ಟೈಪ್ ಮಾಡಿಸಿದ ಸಂಘದ ಬೈಲಾ, ತಂದೆಯವರ ಆತ್ಮಕಥೆ, ಭಜನಾ ಮಂಡಳಿಯ ಹಾಡುಗಳು ಹೀಗೆ ಯಾವುದೋ ಕಡತವನ್ನು ಹೊಸ ಕಂಪ್ಯೂಟರಿನಲ್ಲಿ ತೆರೆದರೆ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ರಾಶಿ ಕಾಣಿಸುತ್ತದೆ. ಕಡತ ಹಾಳಾಯಿತೆಂದು ಅಳಿಸಿಬಿಡುವವರೂ ಇದ್ದಾರೆ; ದಯವಿಟ್ಟು ಅಳಿಸಬೇಡಿ. ಹಳೆಯ ನುಡಿ, ಬರಹ ಫಾಂಟುಗಳಲ್ಲಿ ಕನ್ನಡದ ಆಕಾರಗಳನ್ನು ಇಂಗ್ಲಿಷ್ ಅಕ್ಷರಗಳ ಸ್ಥಾನದಲ್ಲಿ ಕೂರಿಸಲಾಗಿತ್ತು. ಫಾಂಟ್ ಇಲ್ಲದ ಯಂತ್ರ ಆ ಸ್ಥಾನದ ಮೂಲ ಅಕ್ಷರಗಳನ್ನೇ ತೋರಿಸುತ್ತದೆ, ಅಷ್ಟೆ. ಈಗಿನ ಯೂನಿಕೋಡ್‌ನಲ್ಲಿ ಕನ್ನಡದ ಪ್ರತಿ ಅಕ್ಷರಕ್ಕೂ ಅದರದೇ ಸಂಕೇತವಿರುವುದರಿಂದ ಈ ತೊಡಕಿಲ್ಲ.

ಓದಿ ಮುದ್ರಿಸುವುದಷ್ಟೇ ಬೇಕಿದ್ದರೆ ಅದೇ ಹಳೆಯ ಫಾಂಟನ್ನು ಕಂಪ್ಯೂಟರಿಗೆ ಸೇರಿಸಿದರೆ ಸಾಕು. ಮೊಬೈಲಿಗೆ ಕಳಿಸಬೇಕು, ತಿದ್ದಬೇಕು ಎಂದಾದರೆ ಯೂನಿಕೋಡ್‌ಗೆ ಬದಲಿಸುವ ಪರಿವರ್ತಕವನ್ನು ಬಳಸಬೇಕು. ಪರಿವರ್ತಿಸುವಾಗ ಮೂಲ ಕಡತವನ್ನು ಹಾಗೆಯೇ ಇಟ್ಟುಕೊಂಡು ನಕಲಿನ ಮೇಲೆ ಕೆಲಸ ಮಾಡಬೇಕು. ಆಮೇಲೆ ಅರ್ಕಾವೊತ್ತು ಇರುವ ಪದಗಳನ್ನೂ ಎರಡೆರಡು ಒತ್ತಕ್ಷರಗಳಿರುವ 'ಸ್ತ್ರೀ', 'ರಾಷ್ಟ್ರ'ದಂಥ ಪದಗಳನ್ನೂ ಕಣ್ಣಿಟ್ಟು ನೋಡಬೇಕು, ತಪ್ಪುಗಳು ಸೇರಿಕೊಳ್ಳುವುದು ಹೆಚ್ಚಾಗಿ ಅಲ್ಲಿಯೇ. ಟೈಪಿಂಗ್ ಕಲಿಯಬೇಕೆನ್ನುವವರಿಗೆ ಕನ್ನಡ ಗಣಕ ಪರಿಷತ್ತಿನ ಉಚಿತ ತಂತ್ರಾಂಶ ನುಡಿ ಇದೆ. ಕೆ.ಪಿ. ರಾವ್ ಅವರು ರೂಪಿಸಿದ ಕೀಲಿಮಣೆಯ ವಿನ್ಯಾಸವನ್ನು ಆಧರಿಸಿದ ಅದರಲ್ಲಿ ಕೆ ಕೀಲಿ ಒತ್ತಿದರೆ ಕ, ಎಫ್ ಕೀಲಿಯಿಂದ ಒತ್ತಕ್ಷರ. ಒಂದು ವಾರ ದಿನಕ್ಕೆ ಅರ್ಧ ಗಂಟೆ ಕುಳಿತರೆ ಕೈ ಕುದುರುತ್ತದೆ. ಫೋನಿನಲ್ಲಿ ಬೆರಳು ಓಡದವರಿಗೆ ಗೂಗಲ್‌ನ ಕೀಲಿಮಣೆ ಆ್ಯಪ್ ಜಿಬೋರ್ಡ್‌ನ ಮೈಕ್ ಚಿಹ್ನೆ ಒತ್ತಿ ಕನ್ನಡದಲ್ಲಿಯೇ ಮಾತಾಡಿ ಬರೆಸುವುದನ್ನು ತೋರಿಸಿಕೊಡಿ. ಅವರ ಮುಖ ಅರಳುವುದನ್ನು ನೀವೇ ಕಾಣುತ್ತೀರಿ.

ಭಾನುವಾರದವರೆಗೆ ಕಾಯಬಾರದ ತೊಂದರೆಗಳು

ಹಣ ಕಳೆದುಕೊಂಡಾಗ ಸಂಘದ ದಿನಕ್ಕಾಗಿ ಕಾಯಬಾರದೆಂಬುದನ್ನು ಎಲ್ಲ ಸದಸ್ಯರಿಗೂ ಮೊದಲೇ ಮನದಟ್ಟು ಮಾಡಿಸಬೇಕು. ಸೈಬರ್ ವಂಚನೆಯ ಸಹಾಯವಾಣಿ 1930ನ್ನು ದೊಡ್ಡ ಅಕ್ಷರದಲ್ಲಿ ಬರೆದ ಚೀಟಿಯನ್ನು ಪ್ರತಿ ಮನೆಯ ಫೋನಿನ ಪಕ್ಕ ಅಂಟಿಸುವಂತೆ ಕೊಡುವುದು ಸಂಘದ ಮೊದಲ ತಿಂಗಳ ಕೆಲಸವಾಗಲಿ. ಬೇಗ ದೂರು ಕೊಟ್ಟಷ್ಟೂ, ಹಣ ಖಾತೆಯಿಂದ ಖಾತೆಗೆ ಹಾರಿ ಕೈಮೀರುವ ಮೊದಲೇ ಅದನ್ನು ತಡೆಹಿಡಿಯುವ ಸಾಧ್ಯತೆ ಹೆಚ್ಚು. ಬ್ಯಾಂಕಿಗೂ ಅದೇ ಹೊತ್ತಿಗೆ ತಿಳಿಸಬೇಕು. ಯುಪಿಐ ವ್ಯವಹಾರದ ಹನ್ನೆರಡು ಅಂಕಿಗಳ ಉಲ್ಲೇಖ ಸಂಖ್ಯೆ, ಹಣ ಹೋದ ಸಮಯ, ಬಂದ ಸಂದೇಶಗಳು ಇವುಗಳ ಸ್ಕ್ರೀನ್‌ಶಾಟ್ ಇಟ್ಟುಕೊಳ್ಳಬೇಕು. ನಾಚಿಕೆಯಿಂದ ಅಥವಾ ಭಯದಿಂದ ಯಾವುದನ್ನೂ ಅಳಿಸಬಾರದು. ಮೋಸಹೋದವರನ್ನು ಸಂಘದಲ್ಲಿ ಯಾರೂ 'ಅಷ್ಟೂ ಗೊತ್ತಾಗಲಿಲ್ಲವೇ' ಎಂದು ಕೇಳಕೂಡದು. ಹಾಗೆ ಒಮ್ಮೆ ಕೇಳಿದರೆ ಮುಂದಿನವರು ಬಾಯಿ ಬಿಡುವುದಿಲ್ಲ.

ಪ್ರತಿ ಸಭೆಯಲ್ಲಿ ಐದು ನಿಮಿಷ ಈ ಮಾತುಗಳಿಗೆ ಮೀಸಲಿರಲಿ: ಹಣ ಪಡೆಯಲು ಯುಪಿಐ ಪಿನ್ ಬೇಕಾಗುವುದೇ ಇಲ್ಲ; ಮದುವೆಯ ಕರೆಯೋಲೆ ಅಥವಾ ಸಂಚಾರ ದಂಡದ ಚಲನ್ ಎಂದು ವಾಟ್ಸಾಪ್‌ನಲ್ಲಿ ಬರುವ ಎಪಿಕೆ ಕಡತವನ್ನು, ಅಂದರೆ ಫೋನಿಗೆ ಆ್ಯಪ್ ಕೂರಿಸುವ ಕಡತವನ್ನು, ತೆರೆಯಬಾರದು; 'ಡಿಜಿಟಲ್ ಅರೆಸ್ಟ್' ಎಂಬುದು ನಮ್ಮ ಕಾನೂನಿನಲ್ಲಿ ಇಲ್ಲ, ಪೊಲೀಸರು ವಿಡಿಯೊ ಕರೆಯಲ್ಲಿ ಯಾರನ್ನೂ ಬಂಧಿಸುವುದಿಲ್ಲ. ಫೋನ್ ಕಳೆದುಹೋದರೆ ಪೊಲೀಸ್ ದೂರಿನ ಪ್ರತಿ ಪಡೆದು, ಅದೇ ನಂಬರಿನ ಹೊಸ ಸಿಮ್ ತೆಗೆದುಕೊಂಡು, ದೂರಸಂಪರ್ಕ ಇಲಾಖೆಯ ಸಂಚಾರ್ ಸಾಥಿ ಜಾಲತಾಣದಲ್ಲಿ ಆ ಸಾಧನವನ್ನು ಬ್ಲಾಕ್ ಮಾಡಿಸಬಹುದು. ಅದಕ್ಕೆ ಪ್ರತಿ ಫೋನನ್ನೂ ಗುರುತಿಸುವ ಐಎಂಇಐ ಸಂಖ್ಯೆ ಬೇಕು. ಫೋನ್ ಕೈಯಲ್ಲಿರುವಾಗಲೇ *#06# ಒತ್ತಿ ಆ ಸಂಖ್ಯೆಯನ್ನು ಮನೆಯ ಡೈರಿಯಲ್ಲಿ ಬರೆದಿಡಲು ಹೇಳಿ.

ನವೆಂಬರ್ ತಿಂಗಳು, ಹಳೆಯ ಲ್ಯಾಪ್‌ಟಾಪ್

ಪಿಂಚಣಿದಾರರು ಜೀವನ ಪ್ರಮಾಣಪತ್ರ ಕೊಡುವ ನವೆಂಬರ್‌ನಲ್ಲಿ ಪ್ರತ್ಯೇಕ ಶಿಬಿರ ನಡೆಸುವುದು ಒಳ್ಳೆಯದು. ಎಂಬತ್ತು ದಾಟಿದ ಕೇಂದ್ರ ಸರ್ಕಾರದ ಪಿಂಚಣಿದಾರರಿಗೆ ಅಕ್ಟೋಬರ್‌ನಿಂದಲೇ ಅವಕಾಶವಿದೆ. ಜೀವನ್ ಪ್ರಮಾಣ್ ಆ್ಯಪ್ ಜೊತೆಗೆ ಆಧಾರ್ ಫೇಸ್ ಆರ್‌ಡಿ ಆ್ಯಪನ್ನೂ ಹಾಕಿಕೊಂಡರೆ ಮುಖ ತೋರಿಸಿಯೇ ಪ್ರಮಾಣಪತ್ರ ಸಲ್ಲಿಸಬಹುದಾದ್ದರಿಂದ, ಬೆರಳಚ್ಚು ಸವೆದುಹೋದ ಹಿರಿಯರಿಗೆ ಇದು ದೊಡ್ಡ ಅನುಕೂಲ. ಪಿಪಿಒ (ಪಿಂಚಣಿ ಪಾವತಿ ಆದೇಶ) ಸಂಖ್ಯೆ, ಬ್ಯಾಂಕ್ ಪಾಸ್‌ಬುಕ್, ಆಧಾರ್ ಮತ್ತು ಒಟಿಪಿ ಬರುವ ಫೋನ್ ತರಲು ಮುಂಚಿತವಾಗಿ ತಿಳಿಸಿ, ಬೆಳಕು ಮುಖದ ಮೇಲೆ ಬೀಳುವಂತೆ ಕಿಟಕಿಗೆ ಎದುರಾಗಿ ಕುರ್ಚಿ ಹಾಕಿಸಿ.

ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್‌ನ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ರಂದು ಮುಗಿದಿದೆ. ಟಿಪಿಎಂ 2.0 ಎಂಬ ಸುರಕ್ಷತಾ ಸೌಲಭ್ಯ ಇಲ್ಲದ ಹಳೆಯ ಲ್ಯಾಪ್‌ಟಾಪ್‌ಗಳು ವಿಂಡೋಸ್ 11ಕ್ಕೆ ಅರ್ಹವಾಗದಿದ್ದರೂ ಅವುಗಳನ್ನು ಎಸೆಯಬೇಕಿಲ್ಲ. ಎಲೆಕ್ಟ್ರಾನಿಕ್ಸ್ ಅಂಗಡಿಗಳಿರುವ ಎಸ್.ಪಿ. ರಸ್ತೆಯಿಂದ ಒಂದು ಎಸ್‌ಎಸ್‌ಡಿ (ಹಾರ್ಡ್‌ಡಿಸ್ಕಿಗಿಂತ ವೇಗದ ಸಂಗ್ರಹ ಸಾಧನ) ತಂದು ಹಾಕಿ, ವಿಂಡೋಸ್ ಬದಲಿಗೆ ಲಿನಕ್ಸ್ ಮಿಂಟ್‌ನಂಥ ಉಚಿತ ವ್ಯವಸ್ಥೆಯನ್ನು ಕೂರಿಸಿದರೆ ಪತ್ರ ಬರೆಯಲು, ಸುದ್ದಿ ಓದಲು, ಮಕ್ಕಳೊಂದಿಗೆ ವಿಡಿಯೊ ಕರೆ ಮಾಡಲು ಅವು ಇನ್ನೂ ಹಲವು ವರ್ಷ ಬಾಳುತ್ತವೆ. ಉಬ್ಬಿದ ಬ್ಯಾಟರಿಯನ್ನು ಮಾತ್ರ ಸಂಘದಲ್ಲಿ ಯಾರೂ ಬಿಚ್ಚಬಾರದು, ಒತ್ತಬಾರದು, ಚಾರ್ಜಿಗೆ ಹಾಕಬಾರದು. ಅದಕ್ಕೆ ಬೆಂಕಿ ಹತ್ತಿಕೊಳ್ಳಬಹುದು. ಅಂಥ ಸಾಧನವನ್ನು ಸ್ವಿಚ್ ಆಫ್ ಮಾಡಿ, ಅಧಿಕೃತ ಸರ್ವಿಸ್ ಸೆಂಟರಿಗೆ ಅಥವಾ ಮಾಲಿನ್ಯ ನಿಯಂತ್ರಣ ಮಂಡಳಿಯ ಪರವಾನಗಿ ಪಡೆದ ಇ-ತ್ಯಾಜ್ಯ ಸಂಗ್ರಾಹಕರಿಗೆ ಒಪ್ಪಿಸಬೇಕು. ಹಾಗೆ ಕೊಡುವ ಮುನ್ನ ಸಾಧ್ಯವಿದ್ದರೆ ಖಾತೆಗಳಿಂದ ಹೊರಬಂದು, ಫ್ಯಾಕ್ಟರಿ ರೀಸೆಟ್ ಮಾಡಿ, ಸಿಮ್ ಮತ್ತು ಮೆಮೊರಿ ಕಾರ್ಡ್ ತೆಗೆದುಕೊಂಡಿರಬೇಕು.