ಟೊಮೆಟೊ ರೋಗಕ್ಕೆ ಎಐ ಸಲಹೆ: ಎಲ್ಲಿವರೆಗೆ ಕೇಳಬೇಕು, ಎಲ್ಲಿ ನಿಲ್ಲಿಸಬೇಕು

ಕೋಲಾರ, ಶ್ರೀನಿವಾಸಪುರ, ಮುಳಬಾಗಿಲು ಕಡೆ ಟೊಮೆಟೊ ಎಲೆಯಲ್ಲಿ ಚುಕ್ಕೆ ಕಂಡರೆ ಫೋಟೊ ತೆಗೆದು ಎಐಗೆ ಕೇಳಬಹುದು, ತಪ್ಪೇನಿಲ್ಲ. ರೋಗ ಯಾವುದಿರಬಹುದು ಎಂದು ತಿಳಿಯಲು ಬಳಸಿ. ಔಷಧಿ ಎಷ್ಟು ಹಾಕಬೇಕು ಎಂಬುದಕ್ಕೆ ಮಾತ್ರ ಅದನ್ನು ನಂಬಬೇಡಿ.

ಎಡವಟ್ಟು ಫೋಟೊದಿಂದಲೇ ಶುರುವಾಗುತ್ತದೆ. 2016ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ 54,306 ಎಲೆಚಿತ್ರಗಳನ್ನು ಬಳಸಿ ರೂಪಿಸಿದ ಎಐ, ಅದೇ ಬಗೆಯ ಚಿತ್ರಗಳಲ್ಲಿ ಶೇ 99ಕ್ಕಿಂತ ಹೆಚ್ಚು ಸರಿ ಹೇಳಿತು. ಬೇರೆ ಸನ್ನಿವೇಶದಲ್ಲಿ ತೆಗೆದ ಚಿತ್ರ ಕೊಟ್ಟಾಗ ಶೇ 31ರ ಆಸುಪಾಸಿಗೆ ಕುಸಿಯಿತು. ಅದು ಕಲಿತದ್ದು ಒಂದೇ ಬಣ್ಣದ ಹಿನ್ನೆಲೆಯಲ್ಲಿಟ್ಟ ಒಂಟಿ ಎಲೆಗಳಿಂದ. ನಮ್ಮ ತೋಟದ ಎಲೆ ಮೇಲೆ ಕೆಂಪು ಧೂಳು, ಹಿಂದೆ ಹೊಡೆದ ಔಷಧಿಯ ಬಿಳಿ ಕಲೆ, ಪಕ್ಕದ ಗಿಡದ ನೆರಳು ಎಲ್ಲ ಇರುತ್ತವೆ. ಈಗಿನ ಎಐ ಸುಧಾರಿಸಿದ್ದರೂ ಈ ತೊಡಕು ಪೂರ್ತಿ ಹೋಗಿಲ್ಲ.

ಹಾಗಾಗಿ ಬಿಸಿಲೇರುವ ಮುನ್ನ ನಾಲ್ಕು ಫೋಟೊ ತೆಗೆಯಿರಿ: ಎಲೆಯ ಮೇಲ್ಭಾಗ, ಅದೇ ಎಲೆಯ ಕೆಳಭಾಗ, ಇಡೀ ಗಿಡ, ಇಡೀ ಸಾಲು. ಕೆಳಭಾಗವನ್ನು ಬಿಡಲೇಬೇಡಿ. ‘ಕೊನೆ ಅಂಗಮಾರಿ’ (ಲೇಟ್ ಬ್ಲೈಟ್) ರೋಗವಾದರೆ ಕಲೆಯ ಅಂಚಿನ ಬಿಳಿ ಬೂಷ್ಟು ತೇವ ಇರುವ ಬೆಳಗ್ಗೆ ಅಲ್ಲೇ ಕಾಣುವುದು. ಒಣಗಿದ ಮೇಲೆ ಗುರುತು ಸಿಗುವುದು ಕಷ್ಟ. ‘ಮೊದಲ ಅಂಗಮಾರಿ’ (ಅರ್ಲಿ ಬ್ಲೈಟ್) ಕೆಳಗಿನ ಹಳೆಯ ಎಲೆಗಳಿಂದ ಶುರುವಾಗಿ, ಕಂದು ಕಲೆಯೊಳಗೆ ಬಳೆ ಬಳೆಯಾಗಿ ಕಾಣುತ್ತದೆ. ಮೆಟಲಾಕ್ಸಿಲ್ ಎಂಬ ರೋಗನಾಶಕ ಕೊನೆ ಅಂಗಮಾರಿಗೆ ನಾಟಬಹುದು, ಮೊದಲ ಅಂಗಮಾರಿಗೆ ನಾಟುವುದಿಲ್ಲ. ರೋಗ ತಪ್ಪಾಗಿ ಗುರುತಿಸಿದರೆ ಹಣವೂ ಹೋಯಿತು, ರೋಗ ಹರಡದಂತೆ ತಡೆಯುವ ದಿನಗಳೂ ಹೋದವು.

ಪ್ರಶ್ನೆಯಲ್ಲಿ ತಳಿ, ನಾಟಿ ಮಾಡಿ ಎಷ್ಟು ದಿನವಾಯಿತು, ವಾರದಿಂದ ಮಳೆ ಮೋಡ ಹೇಗಿದೆ, ಈಗಾಗಲೇ ಏನು ಹೊಡೆದಿದ್ದೀರಿ ಎಂಬುದೆಲ್ಲ ಇರಲಿ. ‘ಇದು ಅಂಗಮಾರಿ ತಾನೆ?’ ಎಂದು ಕೇಳಿದರೆ ಬಹಳ ಸಲ ಹೌದೆಂದೇ ಹೇಳಿಬಿಡುತ್ತದೆ. ‘ಈ ಲಕ್ಷಣಕ್ಕೆ ಮೂರು ಕಾರಣ ಹೇಳು, ಒಂದೊಂದನ್ನೂ ತೋಟದಲ್ಲೇ ಪರೀಕ್ಷಿಸುವುದು ಹೇಗೆ ಹೇಳು’ ಎಂದು ಕೇಳಿ. ಮಾತಿನಲ್ಲಿ ಕೇಳುವವರು, ಅದು ಬರೆದುಕೊಂಡದ್ದನ್ನು ಒಮ್ಮೆ ಓದಿ ನೋಡಿ. ತೆಲುಗು ಬೆರೆತ ನಮ್ಮ ಕನ್ನಡವನ್ನು ತಪ್ಪಾಗಿ ಕೇಳಿಸಿಕೊಳ್ಳುವ ಸಾಧ್ಯತೆ ಹೆಚ್ಚು. ಪಹಣಿ, ಆಧಾರ್, ಬ್ಯಾಂಕ್ ಪಾಸ್‌ಬುಕ್‌ನ ಫೋಟೊ ಹಾಕಬೇಡಿ. ರೋಗ ಗುರುತಿಸಲು ಅವು ಬೇಕಿಲ್ಲ.

ಇನ್ನು ಪ್ರಮಾಣ. ಎಐ ಎಕರೆ, ಹೆಕ್ಟೇರ್ ಅದಲುಬದಲು ಮಾಡಬಲ್ಲದು, ಅದೂ ಪೂರ್ಣ ಧೈರ್ಯದಿಂದ. ಒಂದು ಹೆಕ್ಟೇರ್ ಎಂದರೆ ಸುಮಾರು 2 ಎಕರೆ 19 ಗುಂಟೆ. ಹೆಕ್ಟೇರಿನ ಔಷಧಿಯನ್ನು ಎಕರೆಗೆ ಸುರಿದರೆ ಎರಡೂವರೆ ಪಟ್ಟಾಯಿತು. ಲೇಬಲ್‌ನಲ್ಲಿ ಹೆಕ್ಟೇರಿಗೆ 2 ಕಿಲೊ, ನೀರು 750 ಲೀಟರ್ ಎಂದಿದ್ದರೆ ಲೀಟರಿಗೆ 2.7 ಗ್ರಾಂ, 16 ಲೀಟರ್ ಟ್ಯಾಂಕಿಗೆ ಸುಮಾರು 43 ಗ್ರಾಂ. ಈ ಲೆಕ್ಕ ನೀವೇ ಹಾಕಿ. ಲೇಬಲ್‌ನಲ್ಲಿ ಟೊಮೆಟೊ ಎಂಬ ಹೆಸರಿದೆಯೇ, ಹೊಡೆದ ಮೇಲೆ ಕೊಯ್ಲಿಗೆ ಎಷ್ಟು ದಿನ ಕಾಯಬೇಕು ಎಂದೂ ನೋಡಿ. ಎಐ ಹಳೆಯ ಬರಹಗಳನ್ನೂ ಓದಿ ಕಲಿತಿರುತ್ತದೆ. ಮೊನೊಕ್ರೊಟೊಫಾಸ್ ಎಂಬ ಕೀಟನಾಶಕವನ್ನು ತರಕಾರಿಗೆ ಬಳಸುವುದನ್ನು ನಮ್ಮ ದೇಶದಲ್ಲಿ 2005ರಲ್ಲೇ ನಿಷೇಧಿಸಲಾಗಿದೆ. ಅಂಥ ಹೆಸರು ಬಂದರೆ ಆ ಉತ್ತರವನ್ನೇ ಬಿಡಿ.

ಈ ಲೆಕ್ಕ ತಪ್ಪಿದರೆ ವಿಷ ಮೊದಲು ತಾಗುವುದು ಪಂಪು ಹೊತ್ತು ಹೊಡೆಯುವ ಕೂಲಿಯವರ ಮೈಗೆ, ಆಮೇಲೆ ಹಣ್ಣು ತಿನ್ನುವವರಿಗೆ. ಇಬ್ಬರೂ ಎಐಯನ್ನು ಏನೂ ಕೇಳಿದವರಲ್ಲ. ಆದ್ದರಿಂದ ಹೊಡೆಯುವ ಮುನ್ನ ಒಬ್ಬ ಮನುಷ್ಯರಿಂದ ಖಾತ್ರಿ ಮಾಡಿಕೊಳ್ಳಲೇಬೇಕು. ಕಿಸಾನ್ ಕಾಲ್ ಸೆಂಟರ್ 1800-180-1551ಕ್ಕೆ ಬೆಳಗ್ಗೆ 6ರಿಂದ ರಾತ್ರಿ 10ರವರೆಗೆ ಕರೆ ಮಾಡಬಹುದು, ದುಡ್ಡಿಲ್ಲ. ಕೃಷಿ ವಿಜ್ಞಾನ ಕೇಂದ್ರ ಕೋಲಾರದವರಿಗೆ ಟಮಕದಲ್ಲಿ, ಚಿಕ್ಕಬಳ್ಳಾಪುರದವರಿಗೆ ಚಿಂತಾಮಣಿ ಬಳಿಯ ಕುರುಬೂರಿನಲ್ಲಿ, ತುಮಕೂರಿನವರಿಗೆ ಹಿರೇಹಳ್ಳಿಯಲ್ಲಿದೆ. ರೋಗದ ಕೊಂಬೆ ಒಯ್ಯುವುದಾದರೆ ಪೇಪರಿನಲ್ಲಿ ಸುತ್ತಿ. ಪ್ಲಾಸ್ಟಿಕ್ ಕವರಿನಲ್ಲಿ ಬೆವರಿ ಕೊಳೆತರೆ ಅಲ್ಲಿಯವರಿಗೂ ಗುರುತು ಸಿಗದು. ಎಐ ಕೊಟ್ಟ ಉತ್ತರವನ್ನೂ ತೋರಿಸಿ, ಎಲ್ಲಿ ತಪ್ಪಿದೆ ಎಂದು ಅವರು ಹೇಳಬಲ್ಲರು.